ಮುಖ ತಿರುಗಿಸಿ ಕೂತ ಬೇರಿಂಗು

ಹೊರಮುಚ್ಚಳದ ಕೊನೆಯ ಸ್ಕ್ರೂ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅಕ್ಕ ಅದರ ತಲೆಗೆ ದಪ್ಪ ಸ್ಕ್ರೂಡ್ರೈವರ್ ಕೊಟ್ಟು, ಸುತ್ತಿಗೆಯಿಂದ ಒಂದೇ ಒಂದು ಏಟು ಹಾಕಿದಳು. ಸ್ಕ್ರೂ ಬೆಚ್ಚಿದಂತೆ ಅಲುಗಿ, ಆಮೇಲೆ ತೆಪ್ಪಗೆ ತಿರುಗಿತು. ಪಕ್ಕದ ವೆಲ್ಡಿಂಗ್ ಅಂಗಡಿಯ ಕಂಪ್ರೆಸರ್ ಬೆಳಗಿನಿಂದ ಬಡಿದುಕೊಳ್ಳುತ್ತಲೇ ಇತ್ತು. ಆ ಗದ್ದಲದಲ್ಲಿ ಏಟಿನ ಸದ್ದು ಗೊತ್ತಾದದ್ದು ಅವಳ ಕೈಗೆ ಮಾತ್ರ.

ಬೆಂಚಿನ ಆಚೆ ಇನ್ಸ್‌ಪೆಕ್ಟರು ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಅವರ ಪಕ್ಕದಲ್ಲಿ ಸತ್ತವರ ತಮ್ಮ. ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿ ಇಟ್ಟಿರುವ ಅವನು ನಾಲ್ಕು ರಾತ್ರಿಗಳಿಂದ ಕಣ್ಣು ಮುಚ್ಚಿದ ಹಾಗೆ ಕಾಣಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಅಪ್ಪ, ನಡುಗುವ ಎರಡು ಕೈಗಳನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಕೂತಿದ್ದರು.

ಬೆಂಚಿನ ಮೇಲೆ ಬಿದ್ದಿದ್ದುದು ಬುಧವಾರ ಸರ್ವೆಯವರನ್ನು ಕೊಂದ ಬೈಕಿನ ಗೇರ್‌ಬಾಕ್ಸು. ಇಳಿಜಾರಿನಲ್ಲಿ ಅದು ಇದ್ದಕ್ಕಿದ್ದಂತೆ ಕಚ್ಚಿಕೊಂಡು, ಹಿಂದಿನ ಚಕ್ರ ನಿಂತು, ಭೂಮಿ ಅಳೆಯುವ ಆ ಮನುಷ್ಯ ಸೇತುವೆಯ ಕಲ್ಲಿಗೆ ಬಡಿದು ಸತ್ತಿದ್ದರು. ಎರಡು ತಿಂಗಳ ಹಿಂದೆ ಅದಕ್ಕೆ ಹೊಸ ಬೇರಿಂಗು ಕೂರಿಸಿ, ಮುಚ್ಚಳ ಹಾಕಿ, ಕೈ ಒರೆಸಿಕೊಂಡವರು ಅಪ್ಪ.

ಒಳಗೆ ಹಳೇ ಬೇರಿಂಗು ಸಿಕ್ಕರೆ ಅಪ್ಪ ಇವತ್ತೇ ಒಳಗೆ ಹೋಗುತ್ತಾರೆ. ಇನ್ಸ್‌ಪೆಕ್ಟರು ಬಂದ ಕೂಡಲೇ ಸುತ್ತಿ ಬಳಸದೆ ಹೇಳಿದ್ದ ಮಾತು ಅದು.

"ಆತುರ ಇಲ್ಲ, ಅಕ್ಕ," ಎಂದರು ಅವರು ಈಗ, ಕಂಪ್ರೆಸರಿನ ಮೇಲೆ ದನಿ ಏರಿಸಿ. "ನಿಮ್ಮ ಕೆಲಸ ನೀವು ಮಾಡಿ. ನಾನು ನೋಡ್ತಾ ಇರ್ತೀನಿ ಅಷ್ಟೇ."

ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸ್ಪಾನರ್ ಹಿಡಿದ ಹೆಂಗಸನ್ನು ಬೇರೇನೆಂದು ಕರೆಯಬೇಕೋ ಊರಿನ ಗಂಡಸರಿಗೆ ಈ ಇಪ್ಪತ್ತು ವರ್ಷದಲ್ಲಿ ಹೊಳೆದೇ ಇರಲಿಲ್ಲ.

ಅವಳು ತಳದ ಬೋಲ್ಟು ಬಿಚ್ಚಿ, ಎಣ್ಣೆಯನ್ನು ಬಿಳಿ ತಟ್ಟೆಗೆ ಬಸಿದಳು. ಎರಡು ತಿಂಗಳ ಎಣ್ಣೆ ಜೇನಿನ ಬಣ್ಣದಲ್ಲಿ ಇರಬೇಕಿತ್ತು. ಬಂದದ್ದು ಪಾತ್ರೆ ತೊಳೆದ ಬೂದಿನೀರಿನಂತೆ ಇತ್ತು, ಮೇಲೆ ಮಿಣಮಿಣ ಹೊಳೆಯುವ ಕಬ್ಬಿಣದ ಪುಡಿ. ಅವಳು ಆಯಸ್ಕಾಂತ ಆಡಿಸಿದಳು. ಮೊದಲು ಒಂದು ಉಕ್ಕಿನ ಗುಂಡು ಅಂಟಿಕೊಂಡು ಬಂತು. ಆಮೇಲೆ ಇನ್ನೊಂದು. ಆಮೇಲೆ ಗುಂಡುಗಳನ್ನು ಅಂತರದಲ್ಲಿ ಹಿಡಿದಿಡುವ ತಗಡಿನ ಗೂಡಿನ ಚೂರು, ಕಚ್ಚಿ ಉಗಿದ ಹಾಗೆ ಮುರುಟಿಕೊಂಡಿತ್ತು.

"ಇದೇ ತಾನೆ ಚಕ್ರ ನಿಲ್ಲಿಸಿದ್ದು?" ಎಂದ ಕನ್ನಡಕದವನು.

"ಇದೇ," ಎಂದಳು ಅಕ್ಕ. "ಗೂಡು ಮುರಿದಿದೆ, ಗುಂಡು ಹೊರಗೆ ಬಂದು ಗೇರಿನ ಹಲ್ಲಿನ ಮಧ್ಯೆ ಸಿಕ್ಕಿಕೊಂಡಿದೆ."

"ಹೊಸ ಬೇರಿಂಗು ಎರಡು ತಿಂಗಳಿಗೆ ಹೀಗಾಗತ್ತಾ?"

"ಆಗಲ್ಲ."

ಅವನು ಮೂಲೆಯ ಕಡೆ ತಿರುಗಿ ಅಪ್ಪನನ್ನು ನೋಡಿದ. ಅಪ್ಪನಿಗೆ ಆ ಮಾತು ಕೇಳಿಸಲಿಲ್ಲ. ಅವರ ಕಿವಿ ಹೋಗಿ ಎಂಟು ವರ್ಷ ಆಗಿತ್ತು. ನಲವತ್ತು ವರ್ಷ ಎಂಜಿನ್ನುಗಳ ಪಕ್ಕ ನಿಂತದ್ದಕ್ಕೆ ಸಿಕ್ಕ ಬಹುಮಾನ ಅದು. ಕಿವಿ ನಿವೃತ್ತಿಯಾದರೂ ಅಂಗೈ ಅಂಗಾಲು ಇನ್ನೂ ನೌಕರಿಯಲ್ಲಿದ್ದವು. ಓಡುತ್ತಿರುವ ಗಾಡಿಯ ಫುಟ್‌ರೆಸ್ಟಿನ ಮೇಲೆ ಪಾದ ಊರಿ ಒಂದು ನಿಮಿಷ ನಿಂತರೆ ಸಾಕು, ಒಳಗಿನ ಯಾವ ಗುಂಡಿಗೆ ಏನು ಕಾಯಿಲೆ ಎಂದು ಹೇಳಿಬಿಡುತ್ತಿದ್ದರು.

ಹೇಳುತ್ತಿದ್ದುದು ಕೈಸನ್ನೆಯಲ್ಲಿ. ವೆಲ್ಡಿಂಗಿನವನು ಅಂಗಡಿ ತೆರೆದ ದಿನದಿಂದ ಈ ಗ್ಯಾರೇಜಿನಲ್ಲಿ ಬಾಯಿಮಾತಿಗೆ ಬೆಲೆ ಇರಲಿಲ್ಲ. ಮುಷ್ಟಿಯನ್ನು ಕಿವಿಯ ಹತ್ತಿರ ತಿರುವಿದರೆ ಬೇರಿಂಗು ಹೋಗಿದೆ ಎಂದು. ಅಂಗೈಯನ್ನು ಎದೆಯ ಮೇಲಿಟ್ಟು ಮೆಲ್ಲಗೆ ಕೆಳಗಿಳಿಸಿದರೆ ಒಳಗೆ ಸದ್ದಿಲ್ಲ, ಆರೋಗ್ಯವಾಗಿದೆ ಎಂದು. ಗಂಡನ ಮನೆಯಿಂದ ಹಿಂತಿರುಗಿ ಬಂದ ಮೊದಲ ವಾರ ಅಕ್ಕ ಕಲಿತದ್ದು ಆ ಎರಡು ಸನ್ನೆಗಳನ್ನೇ.

ಅವಳು ಹೊರಮುಚ್ಚಳ ಎತ್ತಿಟ್ಟಳು. ಒಳಮುಚ್ಚಳದ ನಡುವೆ, ಮುಖ್ಯ ದಂಡದ ತುದಿಯನ್ನು ಹಿಡಿದು ಕೂತ ಬೇರಿಂಗು ಕಂಡಿತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅದರ ಮುಖ ಒರೆಸಿದಳು. ಇನ್ನೊಮ್ಮೆ ಒರೆಸಿದಳು.

ಮುಖದ ಮೇಲೆ ಏನೂ ಇರಲಿಲ್ಲ. ನಂಬರಿಲ್ಲದ, ಬೋಳು ಉಕ್ಕು.

ಅವಳು ಕಣ್ಣೆತ್ತಿ ಮೂಲೆಗೆ ನೋಡಿದಳು. ಅಪ್ಪ ಸ್ಟೂಲಿನಿಂದ ಎದ್ದು ನಿಂತಿದ್ದರು. ಅವರಿಗೂ ಕಂಡಿತ್ತು.

ಅವಳು ಹಾಟ್‌ಪ್ಲೇಟಿನ ಸ್ವಿಚ್ ಹಾಕಿ, ಒಳಮುಚ್ಚಳವನ್ನು ಬಿಡಿಸಿ ಅದರ ಮೇಲಿಟ್ಟಳು.

"ಕಾಯಿಸೋದು ಯಾಕೆ?" ಎಂದರು ಇನ್ಸ್‌ಪೆಕ್ಟರು. "ಸುತ್ತಿಗೆ ಇದೆಯಲ್ಲ."

"ಅಲ್ಯೂಮಿನಿಯಂ ಬಿಸಿಗೆ ಬೇಗ ಹಿಗ್ಗತ್ತೆ ಸಾರ್, ಉಕ್ಕು ನಿಧಾನ. ಕಾದ್ರೆ ಅದಾಗೇ ಬಿಟ್ಟುಕೊಡತ್ತೆ. ತಣ್ಣಗಿದ್ದಾಗ ಹೊಡೆದ್ರೆ ಮುಚ್ಚಳದಲ್ಲಿ ಅದು ಕೂರೋ ಜಾಗಕ್ಕೆ ಗಾಯ ಆಗತ್ತೆ. ನಮ್ಮ ಅಪ್ಪ ಇಷ್ಟು ವರ್ಷದಲ್ಲಿ ಒಂದು ಸಲಾನೂ ಹೊಡೆದು ತೆಗೆದವರಲ್ಲ."

ಇನ್ಸ್‌ಪೆಕ್ಟರು ಕೈಗಡಿಯಾರ ನೋಡಿಕೊಂಡರು. ಒಂದು ಗಂಟೆಗೆ ಇನ್ನೂ ಅರ್ಧ ಗಂಟೆ ಇತ್ತು.

ಅವಳು ಬೆರಳನ್ನು ನೀರಿಗದ್ದಿ ಒಂದು ಹನಿ ಚಿಮುಕಿಸಿದಳು. ಹನಿ ಸುಮ್ಮನೆ ಹರಡಿತು. ಎರಡನೇ ಹನಿ ಚುಯ್ಯೆಂದಿತು. ಮೂರನೆಯದು ಮಣಿಯ ಹಾಗೆ ಕುಣಿದು ಓಡಿದಾಗ, ದಪ್ಪ ಕೈಗವಸು ತೊಟ್ಟು ಮುಚ್ಚಳವನ್ನು ಎತ್ತಿ ಹಲಗೆಯ ಮೇಲೆ ತಟ್ಟಿದಳು. ಉಳಿದ ಆರು ಗುಂಡುಗಳೊಡನೆ ಬೇರಿಂಗಿನ ಹೊರಬಳೆ ಟಣ್ಣೆಂದು ಉದುರಿತು.

ಅದನ್ನು ಇಕ್ಕಳದಲ್ಲಿ ಹಿಡಿದು ಮಗುಚಿದಳು. ನಂಬರು ಹಿಂಬದಿಯಲ್ಲಿತ್ತು.

"ಸಾರ್, ಇದನ್ನ ಹಾಕಿದ್ದು ನಮ್ಮ ಅಪ್ಪ ಅಲ್ಲ."

ಇನ್ಸ್‌ಪೆಕ್ಟರು ನಕ್ಕರು. ಸಿಟ್ಟಿನ ನಗೆಯಲ್ಲ. ಮಕ್ಕಳು ಅಪ್ಪನ ಪರ ವಹಿಸುವುದನ್ನು ದಿನಾ ನೋಡುವವರ ನಗೆ.

"ಹೇಗೆ ಹೇಳ್ತೀರಿ?"

"ನಂಬರಿರೋ ಮುಖ ಬಿಚ್ಚುವವರ ಕಡೆಗಿರಬೇಕು. ಅದು ಈ ಗ್ಯಾರೇಜಿನ ಕಟ್ಟಳೆ. ಮುಂದೆ ಬಿಚ್ಚೋನು ನಮಗಾಗದವನೇ ಆಗಿರಲಿ, ನಂಬರು ಓದೋಕೆ ಬೇರಿಂಗು ಕೀಳೋ ಕಷ್ಟ ಅವನಿಗೆ ಬೇಡ ಅಂತಾರೆ ಅಪ್ಪ. ಇದು ಮುಖ ತಿರುಗಿಸಿ ಕೂತಿದೆ."

"ಕಟ್ಟಳೆ ಅನ್ನೋದು ಸಾಕ್ಷಿ ಅಲ್ಲಮ್ಮ. ಯಜಮಾನರಿಗೆ ವಯಸ್ಸಾಗಿದೆ. ಕೈ ನಡುಗತ್ತೆ, ನನಗೇ ಕಾಣ್ತಿದೆ. ಒಂದಿನ ತಿರುಗಾಮುರುಗಾ ಆಗಿರಬಹುದು."

ಅಕ್ಕ ಎನ್ನುತ್ತಿದ್ದವರು ಅಮ್ಮ ಎನ್ನತೊಡಗಿದ್ದನ್ನು ಅವಳು ಗಮನಿಸಿದಳು. ಅವಳಿಗೆ ಮೈಯುರಿದು ಹೋಯಿತು. ಗೋಡೆಯ ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟ ಮೂರು ಗೇರ್‌ಬಾಕ್ಸುಗಳನ್ನು ತೋರಿಸಿದಳು.

"ಇವು ಮೂರೂ ಈ ಮೂರು ತಿಂಗಳಲ್ಲಿ ಅಪ್ಪ ಮಾಡಿದ್ದು. ಯಾವುದು ಬೇಕಾದ್ರೂ ತೋರಿಸಿ, ನಿಮ್ಮೆದುರಿಗೇ ಬಿಚ್ತೀನಿ. ಒಂದರಲ್ಲಾದ್ರೂ ಬೋಳು ಮುಖ ಕಂಡ್ರೆ ಅಪ್ಪನನ್ನ ಕರಕೊಂಡು ಹೋಗಿ. ನಾನು ಅಡ್ಡ ಬರಲ್ಲ."

ನಡುಗುವ ಕೈ ಎಂಬುದು ಸುಳ್ಳಾಗಿರಲಿಲ್ಲ. ಹೋದ ತಿಂಗಳು ಅಪ್ಪ ಒಂದು ತಿರುಪನ್ನು ಕೆಳಗೆ ಬೀಳಿಸಿ, ಅದು ಬಿದ್ದದ್ದು ತಿಳಿಯದೆ ಖಾಲಿ ತೂತಿಗೆ ಸ್ಪಾನರ್ ಕೊಟ್ಟದ್ದನ್ನು ಅವಳು ಕಂಡಿದ್ದಳು. ಕಂಡೂ ಕಾಣದ ಹಾಗೆ ಇದ್ದಳು.

ಇನ್ಸ್‌ಪೆಕ್ಟರು ಲಾಠಿಯಿಂದ ನಡುವಿನದನ್ನು ತೋರಿಸಿದರು.

ಆರು ಸ್ಕ್ರೂಗಳು. ಒಂದೊಂದೂ ಒಂದೊಂದು ಗಳಿಗೆ ತೆಗೆದುಕೊಂಡಿತು. ಕನ್ನಡಕದವನು ಬೆಂಚಿಗೆ ಒರಗಿ ಬಗ್ಗಿದ. ಅಪ್ಪ ಮಾತ್ರ ನೋಡಲಿಲ್ಲ. ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ಮುಚ್ಚಳ ಎದ್ದಿತು. ಎಣ್ಣೆಯ ಪದರದ ಕೆಳಗೆ ನಂಬರು ಸರಿಯಾಗಿ ಇವರ ಕಡೆಗೇ ಇತ್ತು, ಓದಲಿ ಎಂದೇ ನೇರವಾಗಿ ನಿಲ್ಲಿಸಿದ ಹಾಗೆ.

"ಉಳಿದ ಎರಡನ್ನೂ ಬಿಚ್ಚಲಾ?" ಎಂದಳು ಅಕ್ಕ.

"ಬೇಡ," ಎಂದರು ಇನ್ಸ್‌ಪೆಕ್ಟರು.

ಅವಳು ಈಗ ನಿಲ್ಲಲಿಲ್ಲ. "ನಿಮ್ಮ ಭೂತಗನ್ನಡಿ ಕೊಡಿ," ಎಂದು ಕನ್ನಡಕದವನತ್ತ ಕೈ ಚಾಚಿದಳು. ಅವನು ಜೇಬಿನಿಂದ ಗಾಜು ತೆಗೆದು ಕೊಟ್ಟ. ಅವಳು ಮೊದಲು ಮುಚ್ಚಳದಲ್ಲಿ ಬೇರಿಂಗು ಕೂರುವ ಜಾಗ ನೋಡಿದಳು, ಆಮೇಲೆ ಬಳೆಯ ಒಳಮೈ. ನೋಡಿದ್ದನ್ನು ನಂಬದವಳ ಹಾಗೆ ಬೆಳಕಿಗೆ ಹಿಡಿದು ಮತ್ತೆ ನೋಡಿದಳು.

"ನೀವೇ ನೋಡಿ," ಎಂದು ಗಾಜನ್ನು ಅವನಿಗೇ ಹಿಂದಿರುಗಿಸಿದಳು. "ಬೇರಿಂಗು ಕೂರೋ ಜಾಗದ ಅಂಚಲ್ಲಿ ಏನಿದೆ?"

"ಗೀರು. ಮೂರು... ನಾಲ್ಕು. ಆಳವಾಗಿವೆ."

"ಉಳಿಯ ಏಟು. ಯಾರೋ ಕಾಯಿಸದೆ, ಉಳಿ ಕೊಟ್ಟು ಹೊಡೆದು ಅಪ್ಪ ಹಾಕಿದ ಬೇರಿಂಗು ಕಿತ್ತಿದಾರೆ. ಗೀರು ಇನ್ನೂ ಬೆಳ್ಳಗಿದೆ, ಎಣ್ಣೆ ಕುಡಿದು ಕಪ್ಪಾಗಿಲ್ಲ. ಬಹಳ ದಿನದ್ದಲ್ಲ. ಈಗ ಬಳೆಯ ಒಳಗಡೆ ನೋಡಿ, ಗುಂಡು ಓಡೋ ದಾರೀಲಿ."

"ಚುಕ್ಕೆ ಇವೆ. ಗುಳಿ ಬಿದ್ದ ಹಾಗೆ." ಅವನು ಎಣಿಸಿದ. "ಎಂಟು. ಎಲ್ಲ ಒಂದೇ ಅಂತರದಲ್ಲಿ."

"ಎಂಟು ಗುಂಡು, ಎಂಟು ಗುಳಿ. ಗಾಡಿ ಮಳೇಲಿ ನಿಂತು ಒಳಗೆ ನೀರಿಳಿದ್ರೆ ಗುಂಡು ಕೂತ ಜಾಗದಲ್ಲೇ ತುಕ್ಕು ಕಚ್ಚತ್ತೆ. ಒಂದು ತಿಂಗಳ ತುಕ್ಕಲ್ಲ ಇದು. ವರ್ಷಗಟ್ಟಲೆ ಬಯಲಲ್ಲಿ ನಿಂತ ಗಾಡಿಯ ಬೇರಿಂಗು. ನಿಮ್ಮ ಅಣ್ಣ ಗಾಡೀನ ಎಲ್ಲಿ ಇಡ್ತಿದ್ರು?"

"ಮನೆ ಒಳಗೆ. ಅತ್ತಿಗೆ ಬೈಯ್ತಿದ್ರು, ಮಂಚಕ್ಕಿಂತ ಅದಕ್ಕೇ ಜಾಗ ಜಾಸ್ತಿ ಅಂತ." ಅವನು ಗಾಜನ್ನು ಅಂಗಿಗೆ ಒರೆಸುತ್ತಾ ನಿಂತ, ಒರೆಸಬೇಕಾದ್ದೇನೂ ಇಲ್ಲದಿದ್ದರೂ.

ಅಕ್ಕನಿಗೂ ಸಂಕಟವಾಯಿತು. ಯಾರಿಗೂ ಹೇಳದ ಒಂದು ಮಾತು ನಾಲ್ಕು ದಿನದಿಂದ ಅವಳ ಹೊಟ್ಟೆಯಲ್ಲಿ ಕೂತಿತ್ತು. ಈಗ ಹೇಳದೆ ವಿಧಿ ಇರಲಿಲ್ಲ.

"ಸರ್ವೆಯವರು ಮಂಗಳವಾರ ಸಂಜೆ ಇಲ್ಲಿಗೆ ಬಂದಿದ್ರು. ಸಾಯೋ ಹಿಂದಿನ ದಿನ. ಗಾಡಿ ನ್ಯೂಟ್ರಲ್‌ನಲ್ಲಿದ್ರೂ ಗುರುಗುಟ್ಟತ್ತೆ, ಕ್ಲಚ್ ಹಿಡಿದ್ರೆ ಸುಮ್ಮನಾಗತ್ತೆ ಅಂದ್ರು. ಅದು ಈ ಬೇರಿಂಗಿನದ್ದೇ ಲಕ್ಷಣ. ನಾನು ಕೇಳಿಸಿಕೊಳ್ಳೋಣ ಅಂದ್ರೆ ಈ ಕಂಪ್ರೆಸರು. ಹೊಸಾ ಬೇರಿಂಗು ಅಷ್ಟು ಬೇಗ ಹೋಗಲ್ಲ, ಬೇರೆ ಏನೋ ಇರತ್ತೆ, ನಾಳೆ ಬನ್ನಿ ಅಂದೆ."

ಕಂಪ್ರೆಸರು ತನ್ನ ಪಾಡಿಗೆ ಬಡಿದುಕೊಂಡಿತು.

"ನಾಳೆ ಬನ್ನಿ ಅಂದೆ," ಎಂದಳು ಅವಳು ಮತ್ತೆ. "ಒಂದು ನಿಮಿಷ ಅಪ್ಪನ ಕಾಲು ಫುಟ್‌ರೆಸ್ಟಿಗೆ ಇಡಿಸಿದ್ರೆ ಸಾಕಿತ್ತು."

ಕನ್ನಡಕದವನು ಬೈಯುತ್ತಾನೆ ಎಂದುಕೊಂಡಳು. ಅವನು ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು. "ಸರಿ. ನಿಮ್ಮ ಮಾತೇ ಒಪ್ಪೋಣ. ಯಾರೋ ಬಿಚ್ಚಿ, ಹೊಸದನ್ನ ತಗೊಂಡು, ಹಾಳಾದ್ದನ್ನ ತುರುಕಿದ. ಹಾಗಾದ್ರೆ ನಿಮ್ಮ ಅಪ್ಪ ಹಾಕಿದ ಹೊಸ ಬೇರಿಂಗು ಎಲ್ಲಿ?"

"ಇನ್ನೊಂದು ಗಾಡೀಲಿ. ಇದೇ ಮಾಡೆಲ್ಲಿನದು. ಈ ಅಳತೆ ಬೇರಿಂಗು ತಯಾರು ಮಾಡೋದು ನಿಲ್ಲಿಸಿ ಎಷ್ಟೋ ಕಾಲ ಆಯ್ತು. ಅಪ್ಪ ಹನ್ನೊಂದು ವರ್ಷ ಪೆಟ್ಟಿಗೇಲಿ ಬಚ್ಚಿಟ್ಟಿದ್ದ ಕೊನೇದು ಅದು. ಹೊರಬಳೆ ಮೇಲೆ ಅಪ್ಪ ಒಂದು ಸಣ್ಣ ಸೊನ್ನೆ ಕೊರೆದಿದಾರೆ. ಎಲ್ಲಿದ್ರೂ ನಾನು ಗುರುತು ಹಿಡೀತೀನಿ."

"ಊರಲ್ಲಿ ಈ ಮಾಡೆಲ್ ಎಷ್ಟಿವೆ?"

"ಓಡೋವು ನಾಲ್ಕು." ಅವಳಿಗೆ ಆ ಹೊತ್ತಿನಲ್ಲೂ ಸ್ವಲ್ಪ ನಗು ಬಂತು. "ನಿಮ್ಮದೂ ಸೇರಿ."

"ಹೌದಲ್ಲ," ಎಂದು ಅವರೂ ನಕ್ಕರು. "ನನ್ನದಕ್ಕೆ ಇನ್ನೂ ಯೋಗ ಬಂದಿಲ್ಲ ಬಿಡಿ. ಬೇರಿಂಗು ಇಲ್ಲ ಅಂತ ನೀವೇ ವಾಪಸ್ ಕಳಿಸಿದ್ರಲ್ಲ. ಅವತ್ತಿಂದ ಹಾಗೇ ಗುರುಗುಟ್ಟಿಸಿಕೊಂಡು ಓಡಿಸ್ತಿದೀನಿ. ರೌಂಡಿಗೆ ಹೋದ್ರೆ ಕಳ್ಳರಿಗೆ ಎರಡು ಬೀದಿ ಮುಂಚೆನೇ ಗೊತ್ತಾಗತ್ತೆ."

ಅವಳಿಗೆ ನೆನಪಿತ್ತು. ಅಪ್ಪ ಇವರ ಗಾಡಿಯ ಮೇಲೆ ಪಾದ ಊರಿ, ಮುಷ್ಟಿಯನ್ನು ಕಿವಿಯ ಹತ್ತಿರ ತಿರುವಿದ್ದರು. ಒಂದೇ ಒಂದು ಬೇರಿಂಗು ಇತ್ತು ಸಾರ್, ಹೋದ ವಾರ ತಾನೇ ಸರ್ವೆಯವರ ಗಾಡಿಗೆ ಹಾಕಿದ್ವಿ ಎಂದು ಆಗ ಅವಳೇ ಹೇಳಿದ್ದಳು.

ಆದರೆ ಅವಳ ತಲೆ ಈಗ ಬೇರೆ ಕಡೆ ಓಡುತ್ತಿತ್ತು. ಗೇರ್‌ಬಾಕ್ಸು ಬಿಚ್ಚಿ, ಬೇರಿಂಗು ಬದಲಿಸಿ, ಮತ್ತೆ ಜೋಡಿಸಲು ಕೈಗೆಟುಕುವಲ್ಲಿ ಗಾಡಿ ಒಂದು ದಿನವಾದರೂ ಇರಬೇಕು. ಮನೆಯೊಳಗೆ, ಮಂಚದ ಪಕ್ಕ ಇರುವ ಗಾಡಿ. ಅವಳು ಕನ್ನಡಕದವನ ಕಡೆ ತಿರುಗಿದಳು.

"ಮಂಗಳವಾರಕ್ಕೆ ಮುಂಚೆ ಗಾಡಿ ಎಲ್ಲಿತ್ತು?"

"ಮನೇಲಿ."

"ಅದಕ್ಕೆ ಹಿಂದಿನ ಶನಿವಾರ ನಿಮ್ಮ ಅಣ್ಣ ಬಸ್ಸಿಂದ ಇಳಿದದ್ದನ್ನ ನಾನೇ ನೋಡಿದೆ. ಭಾನುವಾರಾನೂ ನಡಕೊಂಡು ಹೋಗ್ತಿದ್ರು. ಗಾಡಿ ಬಿಟ್ಟು ನಾಲ್ಕು ಹೆಜ್ಜೆ ಹಾಕದ ಮನುಷ್ಯ."

ಅವನ ಕಣ್ಣು ಒಮ್ಮೆ ಇನ್ಸ್‌ಪೆಕ್ಟರ ಕಡೆ ಹೋಗಿ, ತಟ್ಟನೆ ನೆಲಕ್ಕೆ ಬಿತ್ತು.

"ನನಗೆ ಗೊತ್ತಿಲ್ಲ."

"ಒಂದೇ ಮನೇಲಿದ್ದು ಗೊತ್ತಿಲ್ವಾ?"

"ಗೊತ್ತಿಲ್ಲ ಅಂದ್ನಲ್ಲ ಅಕ್ಕ."

"ನಿಮ್ಮ ಅಣ್ಣ ಅಳೆದ ಕೊನೇ ನಕ್ಷೆ ಸಿಕ್ತಾ? ಗಾಡಿಗೆ ಕಟ್ಟಿದ್ದ ಕೊಳವೇಲಿ ಇರ್ತಿತ್ತಲ್ಲ, ಅದಾದ್ರೂ ಗೊತ್ತಾ? ಜಮೀನಿನ ಜಗಳಕ್ಕೆ ಯಾರಾದ್ರೂ ಗಾಡಿಗೆ ಕೈ ಹಾಕಿರಬಹುದು."

"ಸಾಕು," ಎಂದರು ಇನ್ಸ್‌ಪೆಕ್ಟರು. ದನಿ ಮೃದುವಾಗಿಯೇ ಇತ್ತು. "ಪ್ರಶ್ನೆ ಕೇಳೋ ಕೆಲಸ ನನಗೆ ಬಿಡಿ. ಇವನನ್ನ ನಾನು ಆಮೇಲೆ ಕರೆಸ್ತೀನಿ. ಆ ಬಳೆ, ಗುಂಡು, ಚೂರು, ಎಲ್ಲಾ ಕೊಡಿ. ಪರೀಕ್ಷೆಗೆ ಹೋಗಬೇಕು. ಮುಚ್ಚಳಾನೂ."

ಬಿಚ್ಚಿದ ಹಳೇ ಸಾಮಾನನ್ನು ಗ್ಯಾರೇಜಿನಲ್ಲಿ ಉಳಿಸಿಕೊಳ್ಳಬಾರದು, ಕೇಳಿದವರ ಕೈಗೆ ಕೊಟ್ಟು ಕಳಿಸಬೇಕು ಎಂಬುದು ಅಪ್ಪನ ಇನ್ನೊಂದು ಕಟ್ಟಳೆ. ಗಿರಾಕಿಗೆ ಅನುಮಾನ ಉಳಿಯಬಾರದು ಎಂದು. ಅಕ್ಕನ ಕೈ ಯೋಚಿಸಲೇ ಇಲ್ಲ. ಎಂಟು ಗುಂಡುಗಳನ್ನು ಎಣಿಸಿ, ಬಳೆಯನ್ನು ಒರೆಸಿ, ಮುಚ್ಚಳದ ಜೊತೆ ಹಳೇ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಬೆಂಚಿನ ಆಚೆಗೆ ದಾಟಿಸಿತು. ಇನ್ಸ್‌ಪೆಕ್ಟರು ಅದನ್ನು ಚರ್ಮದ ಚೀಲಕ್ಕೆ ಹಾಕಿ ಬಕಲ್ ಬಿಗಿದರು.

"ಅಪ್ಪನಿಗೆ ಇನ್ನು ತೊಂದರೆ ಇಲ್ಲ ತಾನೆ ಸಾರ್?"

"ಹೇಳಿಕೆ ಒಂದು ಬರೆಸಿಕೊಳ್ಳಬೇಕು. ನೀವು ಹೇಳಿದ್ದನ್ನೇ ಅವರ ಬಾಯಲ್ಲಿ. ಸಂಜೆ ಒಳಗೆ ಮನೆಗೆ ಬಿಡ್ತೀನಿ. ಬನ್ನಿ ಯಜಮಾನ್ರೇ, ನನ್ನ ಗಾಡೀಲೇ ಹೋಗೋಣ."

"ಅವರಿಗೆ ಕಿವಿ ಕೇಳಲ್ಲ. ನಾನೂ ಬರ್ತೀನಿ."

"ಹಿಂದೆ ಒಬ್ಬರಿಗೇ ಜಾಗ ಇರೋದು ಅಕ್ಕ. ಬರೆದು ತೋರಿಸಿ ಕೇಳ್ತೀನಿ ಬಿಡಿ."

ಮತ್ತೆ ಅಕ್ಕ ಎಂದರು. ಅವಳಿಗೆ ಜೀವ ಬಂದಂತಾಯಿತು. ಗೆದ್ದೆ ಎಂದುಕೊಂಡಳು. ಅಪ್ಪನ ಅಂಗಿಯ ಗುಂಡಿ ಹಾಕಿ, ಕನ್ನಡಕ ಸರಿಮಾಡಿ, ಭುಜ ತಟ್ಟಿ ಕಳಿಸಿದಳು. ಅಪ್ಪ ಅವಳ ಕೆನ್ನೆಗೆ ಅಂಟಿದ್ದ ಮಸಿಯನ್ನು ಹೆಬ್ಬೆರಳಿನಿಂದ ಒರೆಸಿ ಇನ್ನಷ್ಟು ಹರಡಿದರು. ಅವರು ಮೆಚ್ಚುಗೆ ತೋರಿಸುತ್ತಿದ್ದುದೇ ಹಾಗೆ.

ಹೊರಗೆ ಬೇಲಿಯ ಪಕ್ಕ ಇನ್ಸ್‌ಪೆಕ್ಟರ ಗಾಡಿ ನಿಂತಿತ್ತು. ಸರ್ವೆಯವರದ್ದಕ್ಕೂ ಇದಕ್ಕೂ ಬಣ್ಣ ಒಂದು ಬಿಟ್ಟರೆ ವ್ಯತ್ಯಾಸ ಇರಲಿಲ್ಲ. ಸ್ಟೇಷನ್ನಿನ ಅಂಗಳದಲ್ಲಿ ಸೂರಿಲ್ಲದೆ ನಿಂತು ನಿಂತು ಟ್ಯಾಂಕಿನ ಅಂಚು ತುಕ್ಕು ಹಿಡಿದಿತ್ತು. ಅವರು ಎರಡನೇ ಕಿಕ್ಕಿಗೆ ಎಂಜಿನ್ ಎಬ್ಬಿಸಿದರು. ಅಪ್ಪ ಹಿಂದಿನ ಸೀಟಿಗೆ ಏರಿ, ಎರಡೂ ಪಾದಗಳನ್ನು ಫುಟ್‌ರೆಸ್ಟಿನ ಮೇಲೆ ಊರಿದರು.

ಗಂಟೆ ಒಂದಾಯಿತು. ಊಟದ ಹೊತ್ತಿಗೆ ವೆಲ್ಡಿಂಗಿನವನು ಕಂಪ್ರೆಸರ್ ಆರಿಸಿದ.

ಬೀದಿಗೆ ಬೀದಿಯೇ ಉಸಿರು ಬಿಟ್ಟಿತು. ದೂರದ ಬಾಗಿಲೊಂದು ಮುಚ್ಚಿದ್ದು ಕೇಳಿಸಿತು. ಸೈಕಲ್ಲಿನ ಚೈನು ಕೇಳಿಸಿತು. ನಾಲ್ಕು ಮಾರು ದೂರದಲ್ಲಿ, ನ್ಯೂಟ್ರಲ್‌ನಲ್ಲಿ, ಕ್ಲಚ್ ಬಿಟ್ಟು ನಿಂತಿದ್ದ ಗಾಡಿಯ ಸದ್ದು ಒಂದೊಂದು ಬಡಿತವೂ ಬಿಡಿಬಿಡಿಯಾಗಿ ಅಕ್ಕನ ಕಿವಿಗೆ ಬಿತ್ತು.

ಎಂಜಿನ್ನಿನ ಸದ್ದು ಮಾತ್ರ. ಅದರ ಕೆಳಗೆ ಏನೂ ಇರಲಿಲ್ಲ.

ಗುರುಗುಟ್ಟುವ ಸದ್ದೇ ಇರಲಿಲ್ಲ.

ಅಕ್ಕನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಇನ್ಸ್‌ಪೆಕ್ಟರು ಸದ್ದು ನಿಲ್ಲಿಸಿದ ಕಂಪ್ರೆಸರಿನ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಅವಳನ್ನು ನೋಡಿದರು. ಮುಖದಲ್ಲಿ ಅದೇ ಒಳ್ಳೆಯ ನಗೆ ಇತ್ತು. ಅವರು ಕ್ಲಚ್ ಹಿಡಿದು, ಗೇರಿಗೆ ಹಾಕಿ, ಗಾಡಿ ಬಿಟ್ಟರು.

ಅಪ್ಪ ಹಿಂತಿರುಗಿ ನೋಡಿದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಸೀಟು ಹಿಡಿದಿದ್ದ ಬಲಗೈಯನ್ನು ಬಿಡಿಸಿ, ಅಂಗೈಯನ್ನು ಎದೆಯ ಮೇಲಿಟ್ಟು, ಮೆಲ್ಲಗೆ ಕೆಳಗಿಳಿಸಿದರು.

ಒಳಗೆ ಸದ್ದಿಲ್ಲ. ಆರೋಗ್ಯವಾಗಿದೆ.

"ಅಪ್ಪಾ," ಎಂದು ಅವಳು ಕೂಗಿದಳು, ಕೇಳಿಸದ ಕಿವಿಗೆ. ಓಡಲು ಕಾಲು ಎತ್ತಿದವಳ ತೋಳನ್ನು ಹಿಂದಿನಿಂದ ಯಾರೋ ಹಿಡಿದರು. ಕನ್ನಡಕದವನು. ಅವನ ಬೆರಳುಗಳು ತಣ್ಣಗಿದ್ದವು.

"ಅವರೆದುರಿಗೆ ಹೇಳೋಕೆ ಆಗಲಿಲ್ಲ ಅಕ್ಕ," ಎಂದ ಅವನು, ಕೇಳಿಸಿಯೂ ಕೇಳಿಸದ ಹಾಗೆ. "ಕಾಗದ ಪತ್ರ ಸರಿ ಇಲ್ಲ ಅಂತ ಅಣ್ಣನ ಗಾಡಿ ಹಿಡಿದಿದ್ರು. ಶುಕ್ರವಾರದಿಂದ ಸೋಮವಾರದ ತನಕ ಅದು ಸ್ಟೇಷನ್ನಲ್ಲೇ ಇತ್ತು."

ಬೀದಿಯ ತುದಿಯಲ್ಲಿ ಗಾಡಿ ನಿಧಾನವಾಯಿತು. ಸ್ಟೇಷನ್ನು ಇದ್ದದ್ದು ಬಲಕ್ಕೆ. ಅಲ್ಲಿಗೆ ಎಡ ರಸ್ತೆಯಿಂದ ಹೋಗುವವರು ಯಾರೂ ಇರಲಿಲ್ಲ. ಎಡ ರಸ್ತೆ ಸರ್ವೆಯವರು ಸತ್ತ ಇಳಿಜಾರಿಗೆ, ಅದರ ಕೆಳಗಿನ ಸೇತುವೆಗೆ ಹೋಗುತ್ತಿತ್ತು.

ಇನ್ಸ್‌ಪೆಕ್ಟರು ಎಡಗೈ ಚಾಚಿ ಸಿಗ್ನಲ್ ಕೊಟ್ಟರು.